ಆಟ ನೋಡುವವನ ಬಾಯಿ

ನಾನು ಹುಟ್ಟಾ ಪ್ರೇಕ್ಷಕ. ಯಾವ ಆಟವನ್ನೂ ಆಡಿದವನಲ್ಲ, ಆದರೆ ಆಟ ನೋಡುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಪುಣೆಯ ಖಡಕಿಯ ಮೈದಾನಗಳಲ್ಲಿ ಕಬಡ್ಡಿ, ಚಳಿಗಾಲದಲ್ಲಿ ಕುಸ್ತಿ, ಮಿಲಿಟರಿ ಹುಡುಗರ ಹಾಕಿ, ನಮ್ಮ ಕ್ವಾರ್ಟರ್ಸಿನ ಹೆಂಗಸರ ಸಂಗೀತ ಕುರ್ಚಿ, ಯಾವುದಿದ್ದರೂ ಸರಿ, ಗೆರೆಯ ಪಕ್ಕದಲ್ಲಿ ನಾನಿರಲೇಬೇಕು. ಸುಮ್ಮನೆ ನೋಡುವುದಲ್ಲ. ಹೇಗೆ ಆಡಬೇಕೆಂದು ಆಡುವವರಿಗೆ ತಿಳಿಸಿಕೊಡುವುದೂ ನನ್ನ ಜವಾಬ್ದಾರಿ ಎಂದೇ ನಂಬಿದ್ದೆ. ರೇಡಿಗೆ ಹೋದವನು ಎಡಕ್ಕೆ ವಾಲಬೇಕೋ ಬಲಕ್ಕೋ ಎಂಬುದು ಅವನಿಗಿಂತ ಮೊದಲು ನನಗೆ ಹೊಳೆಯುತ್ತಿತ್ತು. ಹೊಳೆದದ್ದು ಆ ಕ್ಷಣವೇ ಗಂಟಲಿನಿಂದ ಹೊರಗೆ ಬೀಳುತ್ತಿತ್ತು. ಒಮ್ಮೆ ತೀರ್ಪು ಕೊಡುವ ಪಂಚ ಆಟ ನಿಲ್ಲಿಸಿ, ಕಾಕಾ, ನೀವೇ ಒಳಗೆ ಬಂದುಬಿಡಿ ಎಂದು ಮರಾಠಿಯಲ್ಲಿ ಕರೆದಿದ್ದ. ನಾನು ಹೋಗಲಿಲ್ಲ. ಒಳಗೆ ಹೋದರೆ ಆಟ ಕಾಣಿಸುವುದಿಲ್ಲ.

ಉದ್ಯೋಗದಲ್ಲಿಯೂ ನಾನು ನೋಡುವವನೇ. ವಿಜಯಪುರದ ಕಡೆಯಿಂದ ಇಪ್ಪತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದು, ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ತಯಾರಾಗಿ ಬಂದ ತೋಟಾಗಳಿಗೆ ಗೇಜ್ ಹಾಕಿ, ಅಳತೆ ಸರಿಯಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ ಇಡುವುದು. ನಿವೃತ್ತಿಯವರೆಗೂ ಅದನ್ನೇ ಮಾಡಿದೆ. ಒಂದು ಗುಂಡನ್ನೂ ನಾನು ಹಾರಿಸಿಲ್ಲ, ಹಾರಿದ್ದನ್ನು ನೋಡಿಯೂ ಇಲ್ಲ. ನಾನು ಪಾಸು ಮಾಡಿದ ತೋಟಾ ಎಲ್ಲಿಗೆ ಹೋಯಿತು, ಯಾರಿಗೆ ತಾಗಿತು, ಏನೂ ಗೊತ್ತಿಲ್ಲ. ಇಂಥ ನನ್ನ ಮನೆಯಲ್ಲಿ ಮಗಳು ದಿನಕ್ಕೆ ನೂರಾರು ಗುಂಡು ಹಾರಿಸತೊಡಗಿದಾಗ ಸಿಟ್ಟು ಬಾರದೇ ಇರುತ್ತದೆಯೇ?

ಮಗಳಿಗೆ ಇಪ್ಪತ್ಮೂರು. ವಿಮಾನ ನಗರದ ಒಂದು ಆಫೀಸಿನಲ್ಲಿ ಗಿರಾಕಿಗಳ ತಕರಾರು ಕೇಳಿ ಸಮಾಧಾನ ಹೇಳುವ ಕೆಲಸ. ಅಲ್ಲಿ ದಿನವಿಡೀ ಬೈಸಿಕೊಂಡು ಬಂದು, ಮನೆಯಲ್ಲಿ ಮೊಬೈಲ್ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ, ಊರಲ್ಲಿರುವ ಇನ್ನೂ ನಾಲ್ಕು ಜನರ ಜೊತೆ ಸೇರಿ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಕುಂತಲ್ಲೇ ಹೆಬ್ಬೆರಳು ಆಡಿಸುವುದು ಎಂಥ ಆಟ, ಆಟವೆಂದರೆ ಬೆವರು ಬರಬೇಕು ಎಂದು ನಾನು ರೇಗಿದೆ. ಅವಳು ಮೊಬೈಲಿನಿಂದ ಕಣ್ಣು ತೆಗೆಯದೆ ಅಂಗೈಯನ್ನು ನನ್ನತ್ತ ಚಾಚಿದಳು. ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಆದರೂ ನಾನು ಬೈಯುವುದನ್ನು ನಿಲ್ಲಿಸಲಿಲ್ಲ. ಬೈಯಲು ಶುರು ಮಾಡಿದ ಮೇಲೆ ಅಂಗೈ ಒದ್ದೆಯೆಂಬ ಕಾರಣಕ್ಕೆ ನಿಲ್ಲಿಸಿದರೆ ಮನೆಯಲ್ಲಿ ಏನು ಬೆಲೆ ಉಳಿಯುತ್ತದೆ?

ನಾನು ಈ ಆಟಕ್ಕೆ ಬಿದ್ದದ್ದು ಟಿವಿ ಆಫ್ ಮಾಡಲು ಬಾರದ್ದರಿಂದ. ಒಂದು ರವಿವಾರ ಮಧ್ಯಾಹ್ನ ಮಗಳು ತನ್ನ ಪಂದ್ಯದ ನೇರ ಪ್ರಸಾರವನ್ನು ಅವ್ವನಿಗೆ ತೋರಿಸಲೆಂದು ಟಿವಿಗೆ ಏನೋ ಜೋಡಿಸಿ, ಒಳಕೋಣೆಯ ಬಾಗಿಲು ಹಾಕಿಕೊಂಡು ಆಡಲು ಕೂತಳು. ಹೆಂಡತಿ ಎರಡು ನಿಮಿಷ ನೋಡಿ ಒಗೆದ ಬಟ್ಟೆ ಒಣಹಾಕಲು ಹೋದಳು. ನಾನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ. ದನಿ ಹೆಚ್ಚಾಯಿತೇ ಹೊರತು ಆಟ ಹೋಗಲಿಲ್ಲ. ಸರಿ, ಹೋಗುವವರೆಗೆ ನೋಡೋಣ ಎಂದು ಕೂತೆ. ಹೆಂಡತಿ ಬಟ್ಟೆ ಒಣಹಾಕಿ, ಚಹಾ ಮಾಡಿ, ಕುಡಿದು, ನನ್ನದನ್ನು ಆರಲು ಬಿಟ್ಟು ಮತ್ತೆ ಬಂದಾಗ ನಾನು ಕುರ್ಚಿಯ ತುದಿಯಲ್ಲಿದ್ದೆನಂತೆ.

ಆಟ ಇಷ್ಟೇ. ಐದು ಜನರ ಎರಡು ತಂಡ. ಒಂದು ತಂಡ ಗೊತ್ತಾದ ಜಾಗದಲ್ಲಿ ಬಾಂಬ್ ಇಟ್ಟು, ಅದು ಸಿಡಿಯುವವರೆಗೆ ಕಾಯಬೇಕು. ಇನ್ನೊಂದು ತಂಡ ಅದನ್ನು ತಡೆಯಬೇಕು. ಗುಂಡು ತಿಂದವರು ಆ ಸುತ್ತಿಗೆ ಔಟು. ಹೀಗೆ ಒಂಬತ್ತು ಸುತ್ತು ಮೊದಲು ಗೆದ್ದವರು ಗೆದ್ದಂತೆ. ಕಬಡ್ಡಿ ಗೊತ್ತಿದ್ದವನಿಗೆ ಇದರಲ್ಲಿ ತಿಳಿಯದಿರುವಂಥದ್ದು ಏನೂ ಇಲ್ಲ.

ಆದರೆ ನೋಡುವವನಿಗೆ ಇದರಲ್ಲಿ ಸಿಗುವ ಸುಖ ಕಬಡ್ಡಿಯಲ್ಲಿಲ್ಲ. ನಾನು ಕಂಡ ಕುಸ್ತಿಗಳಲ್ಲಿ ಅರ್ಧ ಭಾಗ ಮುಂದೆ ಕೂತವನ ಪೇಟವೇ ಕಂಡದ್ದು. ಇಲ್ಲಿ ಹಾಗಲ್ಲ, ನೋಡುವವನಿಗೆ ಕಾಣದ ಮೂಲೆಯೇ ಇಲ್ಲ. ಗೋಡೆಯ ಆಚೆ ಅಡಗಿ ಕೂತವನು ಕೆಂಪು ಗೆರೆಯಾಗಿ ನಮಗೆ ಕಾಣುತ್ತಾನೆ, ಆಡುವವರಿಗೆ ಕಾಣುವುದಿಲ್ಲ. ಒಬ್ಬ ಮೆಟ್ಟಿಲ ಕೆಳಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಾನೆ, ಇನ್ನೊಬ್ಬ ಏನೂ ಅರಿಯದೆ ಅದೇ ಮೆಟ್ಟಿಲು ಇಳಿದು ಬರುತ್ತಿದ್ದಾನೆ. ಇಬ್ಬರೂ ನಮಗೆ ಕಾಣುತ್ತಾರೆ. ಇಳಿಯಬೇಡವೋ ಎಂದು ಜೀವ ಬಾಯಿಗೆ ಬರುತ್ತದೆ. ಅವನು ಇಳಿದೇ ಇಳಿಯುತ್ತಾನೆ. ಇದನ್ನೆಲ್ಲ ವಿವರಿಸಲು ಇಬ್ಬರು ಹುಡುಗರು ಹಿಂದಿಯಲ್ಲಿ ಒಂದೇ ಸಮನೆ ಕೂಗುತ್ತಿರುತ್ತಾರೆ. ಅವರು ಕೂಗುವುದನ್ನು ಕೇಳಿದಾಗ, ನನ್ನ ಹಾಗೆಯೇ ಬಾಯಿ ತಡೆಯಲಾಗದ ಜನರಿಗೆ ಈಗ ಸಂಬಳ ಕೊಡುತ್ತಾರೆಂದು ತಿಳಿದು, ತಪ್ಪು ಕಾಲದಲ್ಲಿ ಹುಟ್ಟಿದೆನಲ್ಲ ಎಂದು ಹೊಟ್ಟೆ ಉರಿಯಿತು.

ಇನ್ನೂ ಒಂದು ಸಂಗತಿಯಿದೆ. ಆಗಾಗ ಪರದೆಯ ಮೇಲೆ ಆಡುವವರ ಕಣ್ಣಿಗೆ ಕಾಣುವುದನ್ನೇ ತೋರಿಸುತ್ತಾರೆ. ಅಂದರೆ ನಾನು ಮಗಳ ಕಣ್ಣಿನಿಂದಲೇ ನೋಡುತ್ತಿದ್ದೆ. ಬಾಗಿಲೊಳಗೆ ಕಾಲಿಟ್ಟೊಡನೆ ಅವಳು ಮೊದಲು ಯಾವ ಮೂಲೆ ನೋಡುತ್ತಾಳೆ, ಎಲ್ಲಿ ತಡೆಯುತ್ತಾಳೆ, ಯಾವಾಗ ಹೆದರುತ್ತಾಳೆ, ಎಲ್ಲ ಕಾಣುತ್ತಿತ್ತು. ಮನೆಯಲ್ಲಿ ಅವಳಿಗೆ ರೊಟ್ಟಿ ಬೇಯುವಷ್ಟು ಹೊತ್ತಿನ ತಾಳ್ಮೆ ಇಲ್ಲ. ಆಟದಲ್ಲಿ ಒಂದು ಡಬ್ಬದ ಹಿಂದೆ ಅಲ್ಲಾಡದೆ ಒಂದೂವರೆ ನಿಮಿಷ ಕೂತಳು. ಜೊತೆಯವರೆಲ್ಲ ಔಟಾದರೂ ಕದಲಲಿಲ್ಲ. ಎದುರು ತಂಡದಲ್ಲಿ ಉಳಿದಿದ್ದ ಇಬ್ಬರು, ಇಲ್ಲಿ ಯಾರೂ ಇಲ್ಲವೆಂದು ಧೈರ್ಯವಾಗಿ ನಡೆದು ಬಂದಾಗ ಎದ್ದು, ಇಬ್ಬರನ್ನೂ ಮುಗಿಸಿದಳು. ನಾನು ಬೆಳೆಸಿದ ಮಗಳ ಒಳಗೆ ಇಂಥವಳೊಬ್ಬಳು ಕೂತಿದ್ದಾಳೆಂದು ಇಪ್ಪತ್ಮೂರು ವರ್ಷ ನನಗೆ ಗೊತ್ತಿರಲಿಲ್ಲ. ಅವತ್ತು ನನಗೆ ಬಹಳ ಸಂತೋಷವಾಯಿತು, ಒಂದಿಷ್ಟು ನಾಚಿಕೆಯೂ ಆಯಿತು.

ಅಲ್ಲಿಂದ ನಮ್ಮ ಮನೆಯ ರವಿವಾರಗಳು ಬದಲಾದವು. ಹೆಂಡತಿಯ ಧಾರಾವಾಹಿ ಹೋಯಿತು. ಅವಳೂ ಮೆಲ್ಲಗೆ ಪಕ್ಕದಲ್ಲಿ ಕೂರತೊಡಗಿದಳು. ಗುಂಡು ಬಾಂಬು ಅವಳಿಗೆ ಬೇಡ, ಪರದೆಯ ಮೂಲೆಯಲ್ಲಿ ಕಾಣುವ ಆಟಗಾರರ ಮುಖಗಳೇ ಸಾಕು. ಮಗಳ ತಂಡದ ಬೆಂಗಳೂರು ಕಡೆಯ ಹುಡುಗಿ ಸೊರಗಿದಂತಿದೆ, ಇನ್ನೊಬ್ಬ ತಪ್ಪು ಮಾಡಿ ಬೇರೆಯವರ ಮೇಲೆ ಹಾಕುತ್ತಾನೆ, ಇಂಥವು ಅವಳ ಗಮನಕ್ಕೆ ಬರುತ್ತಿದ್ದವು. ಪಂದ್ಯ ಮುಗಿಸಿ ಮಗಳು ಹೊರಗೆ ಬಂದೊಡನೆ ನಾನು ಪಾಠ ಶುರು ಮಾಡುತ್ತಿದ್ದೆ. ಎಡಗಡೆ ಒಬ್ಬ ನಿಂತಿದ್ದ, ನೀನು ಯಾಕೆ ಬಲಕ್ಕೆ ಹೋದೆ? ಅಷ್ಟೂ ಬುದ್ಧಿ ಬೇಡವೇ? ಕೆಲವು ವಾರ ಸಹಿಸಿಕೊಂಡು ಒಂದು ದಿನ ಅವಳು ಹೇಳಿದಳು.

“ಪಪ್ಪಾ, ನಿನಗ ಎರಡೂ ಕಡೀದು ಕಾಣ್ತದ. ನನಗ ನನ್ನ ಮುಂದಿಂದ ಅಷ್ಟ ಕಾಣ್ತದ. ಉಳಿದದ್ದು ನಾ ಕಿವ್ಯಾಗ ಹಿಡೀಬೇಕು.”

ಹೆಜ್ಜೆ ಸಪ್ಪಳ ಕೇಳಿಯೇ ಯಾರು ಎಲ್ಲಿದ್ದಾರೆಂದು ಅಂದಾಜು ಮಾಡುತ್ತಾಳಂತೆ. ಎಡಗಿವಿಯಲ್ಲಿ ಜೋರಾಗಿದ್ದರೆ ಎಡಕ್ಕೆ, ಎರಡರಲ್ಲೂ ಸಮವಾಗಿದ್ದರೆ ಎದುರಿಗೆ ಅಥವಾ ಬೆನ್ನ ಹಿಂದೆ. ನಾನು ತಲೆಯಾಡಿಸಿದೆ. ಅರ್ಥವಾಯಿತೆಂದೇ ಆಗ ಅಂದುಕೊಂಡಿದ್ದೆ.

ಈ ವರ್ಷ ಅವರ ತಂಡ ಊರಮಟ್ಟದ ಪಂದ್ಯಾವಳಿಯಲ್ಲಿ ಗೆಲ್ಲುತ್ತ ಗೆಲ್ಲುತ್ತ ಕೊನೆಯ ಪಂದ್ಯಕ್ಕೆ ಬಂತು. ವಿಮಾನ ನಗರದ ಒಂದು ಮಾಲ್‌ನಲ್ಲಿ, ಜನರೆದುರಿಗೆ ವೇದಿಕೆಯ ಮೇಲೆ ಕೂತು ಆಡುವುದು. ಗೆದ್ದ ಒಂದೇ ತಂಡ ಹೈದರಾಬಾದಿನ ದೊಡ್ಡ ಪಂದ್ಯಕ್ಕೆ. ಅಲ್ಲಿ ಸ್ಟೇಡಿಯಂ ತುಂಬ ಜನ, ಆಡುವವರಿಗೆ ಸದ್ದು ಬಾರದ ಗಾಜಿನ ಕೋಣೆ. ಮಗಳು ಆ ಕೋಣೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ್ದಳು. ತಂಡದ ಇಬ್ಬರಿಗೆ ಬೇರೆ ಊರಿಗೆ ವರ್ಗವಾಗುವುದಿತ್ತು, ಹಾಗಾಗಿ ಈ ಐವರಿಗೆ ಇದೇ ಕೊನೆಯ ಅವಕಾಶ. ಎರಡು ತಿಂಗಳು ಅವಳು ಆಫೀಸು ಮುಗಿಸಿ ಬಂದು ಉಂಡದ್ದು, ಮಲಗಿದ್ದು, ಎದ್ದದ್ದು ಎಲ್ಲ ಹೈದರಾಬಾದಿಗಾಗಿಯೇ. ಹೋಗಲೇಬೇಕು ಪಪ್ಪಾ ಎಂದು ಒಂದೇ ಸಲ ಹೇಳಿದ್ದಳು. ಅವಳು ಯಾವುದನ್ನೂ ಎರಡು ಸಲ ಕೇಳುವವಳಲ್ಲ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಪುಣೆಯಲ್ಲಿರುವ ನಮ್ಮಂಥವರಿಗೆ ಕನ್ನಡವೆಂದರೆ ಜೇಬಿನಲ್ಲಿಟ್ಟುಕೊಂಡು ಓಡಾಡುವ ಗುಟ್ಟು. ಹೊರಗೆ ಕಾಲಿಟ್ಟರೆ ಎಲ್ಲರೊಡನೆ ಮರಾಠಿ. ಯಾರಿಗೂ ತಿಳಿಯಬಾರದ್ದು ಇದ್ದರೆ ಕನ್ನಡ. ಕಾಯಿಪಲ್ಯದವಳ ಎದುರೇ ನಿಂತು ಅವಳ ಬದನೆಕಾಯಿ ಹುಳುಕೆಂದು ಹೆಂಡತಿ ನನಗೆ ಹೇಳುತ್ತಾಳೆ. ಡಾಕ್ಟರ ಎದುರು ಕೂತು ಡಾಕ್ಟರಿಗೆ ಏನೂ ತಿಳಿದಂತಿಲ್ಲವೆಂದು ನಾನು ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದವನ ಸೆಂಟಿನ ವಾಸನೆ, ಮದುವೆಮನೆಯಲ್ಲಿ ಸಾರಿನ ರುಚಿ, ಎಲ್ಲದರ ಬಗ್ಗೆ ಗಟ್ಟಿ ದನಿಯಲ್ಲಿ, ಮುಖದಲ್ಲಿ ನಗು ಇಟ್ಟುಕೊಂಡು ಮಾತಾಡುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ವಿಜಯಪುರಕ್ಕೆ ಹೋದಾಗಲೂ ಹಾಗೆಯೇ ಮಾತಾಡಿ ಬೀಗರ ಮನೆಯಲ್ಲಿ ಫಜೀತಿಯಾಗಿದೆ.

ಪಂದ್ಯ ರವಿವಾರ ಮೂರು ಗಂಟೆಗೆ. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿದೆ. ಹೆಂಡತಿ ತಂಡಕ್ಕೆಂದು ಶೇಂಗಾದ ಉಂಡಿ ಕಟ್ಟಿಕೊಂಡಳು. ಮಾಲ್‌ನ ಬಾಗಿಲಲ್ಲಿ ಹೊರಗಿನ ತಿಂಡಿ ಬಿಡುವುದಿಲ್ಲವೆಂದು ಸೆಕ್ಯುರಿಟಿಯವನು ಡಬ್ಬಿ ಹಿಡಿದುಕೊಂಡಾಗ ಅವಳು ಮುಚ್ಚಳ ತೆಗೆದು ಅವನ ಕೈಗೇ ಎರಡು ಉಂಡಿ ಇಟ್ಟಳು. ಡಬ್ಬಿ ಒಳಗೆ ಬಂತು. ನಡುವಿನ ಅಂಗಳದಲ್ಲಿ ವೇದಿಕೆ, ಅದರ ಮೇಲೆ ಅಕ್ಕಪಕ್ಕದಲ್ಲಿ ಎರಡು ಮೇಜು, ಮೇಲೆ ಗೋಡೆಯಷ್ಟಗಲದ ಪರದೆ. ಆಡುವವರು ಪರದೆಗೆ ಬೆನ್ನು ಹಾಕಿ ಕೂತಿದ್ದರು. ಕುರ್ಚಿಗಳೆಲ್ಲ ತುಂಬಿ, ಮೂರೂ ಅಂತಸ್ತಿನ ಕಟಕಟೆಗೆ ಜನ ಒರಗಿದ್ದರು. ಚಪ್ಪಲಿ ಕೊಳ್ಳಲು ಬಂದವರು ಚೀಲ ಹಿಡಿದು ಅಲ್ಲೇ ನಿಂತುಬಿಟ್ಟಿದ್ದರು. ಎಲ್ಲರೂ ಒಟ್ಟಿಗೆ ಉಸಿರೆಳೆದಾಗ ಆಗುವ ಸದ್ದು ಟಿವಿಯಲ್ಲಿ ಕೇಳುವಂಥದ್ದಲ್ಲ. ನನ್ನ ಹಳೆಯ ಕಬಡ್ಡಿ ಮೈದಾನ ಛಾವಣಿ ಹೊದ್ದು ಬಂದಂತೆ ಅನ್ನಿಸಿ, ಗಂಟಲು ತಾನಾಗಿಯೇ ಸರಿಮಾಡಿಕೊಂಡಿತು.

ಆಟಕ್ಕೆ ಮೊದಲು ಪಂಚ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಯುವಕ, ಮೈಕಿನಲ್ಲಿ ನಿಯಮ ಹೇಳಿದ. ಇಲ್ಲಿ ಗಾಜಿನ ಕೋಣೆಯಿಲ್ಲ, ಆದ್ದರಿಂದ ಯಾರು ಎಲ್ಲಿದ್ದಾರೆಂದು ಪ್ರೇಕ್ಷಕರು ಕೂಗಿ ಹೇಳಬಾರದು. ಹೇಳಿದ್ದನ್ನು ಕೇಳಿ ಯಾರಾದರೂ ಆಡಿದರೆ ಆ ತಂಡ ಹೊರಗೆ. ಇದನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿದ. ನಾನು ಒಪ್ಪಿ ತಲೆಯಾಡಿಸಿದೆ. ಇಂಥ ನಿಯಮ ಇರಲೇಬೇಕು, ಜನರಿಗೆ ಬಾಯಿ ಹಿಡಿತದಲ್ಲಿರುವುದಿಲ್ಲ ಎಂದು ಹೆಂಡತಿಗೂ ಹೇಳಿದೆ.

ಮೊದಮೊದಲು ಪಿಸುಗುಟ್ಟುತ್ತಿದ್ದೆ. ಎದುರು ತಂಡದ ಉದ್ದಕೂದಲಿನ ಹುಡುಗ ಭಾಳ ಕಳ್ಳ, ನೋಡು ಹೆಂಗ ಮೂಲ್ಯಾಗ ಕುಂತಾನ ಎಂದೆ. ಮೂರನೆಯ ಸುತ್ತಿಗೆ ಪಿಸುಮಾತು ಮಾತಾಯಿತು. ಐದನೆಯದಕ್ಕೆ ಮುಂದಿನ ಸಾಲಿನವರು ತಿರುಗಿ ನೋಡುವಷ್ಟಾಯಿತು. ಹೆಂಡತಿ ತೊಡೆ ಚಿವುಟಿದಳು.

“ಇಲ್ಲಿ ಯಾರಿಗಿ ತಿಳೀತದ ಬಿಡು” ಎಂದೆ.

ಎಂಟು ಎಂಟು ಸಮವಾಯಿತು. ಕೊನೆಯ ಸುತ್ತು. ಮಗಳ ತಂಡ ಬಾಂಬ್ ಇಟ್ಟಿತು. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದು, ಕಡೆಗೆ ಈ ಕಡೆ ನನ್ನ ಮಗಳು, ಆ ಕಡೆ ಉದ್ದಕೂದಲಿನ ಹುಡುಗ, ಇಬ್ಬರೇ ಉಳಿದರು. ಇನ್ನು ಹದಿನೈದು ಸೆಕೆಂಡು ಅವನನ್ನು ತಡೆದರೆ ಹೈದರಾಬಾದು. ಮಗಳು ಬಾಗಿಲಿಗೆ ಗುರಿಯಿಟ್ಟು ಕೂತಿದ್ದಳು. ಅವನು ಬಾಗಿಲಿನಿಂದ ಬರಲಿಲ್ಲ. ಹಿಂದಿನ ಕಿಟಕಿ ಹತ್ತಿ ಒಳಗಿಳಿದ. ಕೆಂಪು ಗೆರೆ ಅವಳ ಬೆನ್ನ ಹಿಂದೆ ಹೆಜ್ಜೆ ಹೆಜ್ಜೆಯಾಗಿ ಬರುತ್ತಿತ್ತು. ಇಡೀ ಮಾಲ್ ಉಸಿರು ಹಿಡಿದಿತ್ತು. ಸಾವಿರ ಜನಕ್ಕೆ ಕಾಣುತ್ತಿದ್ದದ್ದು ಅವಳೊಬ್ಬಳಿಗೆ ಕಾಣುತ್ತಿರಲಿಲ್ಲ. ನಾನು ಯಾವಾಗ ಎದ್ದು ನಿಂತೆನೋ ತಿಳಿಯದು.

“ಹಿಂದ ಬಂದಾನ! ಹೊಳ್ಳಿ ನೋಡವಾ!”

ಆ ನಿಶ್ಶಬ್ದದಲ್ಲಿ ನನ್ನ ದನಿ ಮೂರೂ ಅಂತಸ್ತಿಗೆ ಹೋಗಿ ತಟ್ಟಿ ವಾಪಸು ಬಂತು. ಅವಳು ಹೊಳ್ಳಲಿಲ್ಲ, ಹಿಂದಕ್ಕೆ ತಿರುಗಲೇ ಇಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಉದ್ದಕೂದಲಿನವನು ಹತ್ತಿರ ಬಂದು, ನಿಂತು, ಗುಂಡು ಹಾಕಿ, ಉಳಿದ ಸೆಕೆಂಡುಗಳಲ್ಲಿ ಬಾಂಬನ್ನೂ ಆರಿಸಿದ. ಜನರ ಕೂಗಿಗೆ ಮಾಲ್ ಸಿಡಿದಂತಾಯಿತು. ಆ ಕಡೆಯ ಐವರೂ ಕುರ್ಚಿ ಒದ್ದು ಎದ್ದು ಕುಣಿದರು. ಮಗಳು ಇಯರ್‌ಫೋನ್ ತೆಗೆದು, ಅದರ ತಂತಿಯನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟಳು.

ನನಗೆ ಬಂದದ್ದು ಸಿಟ್ಟು. ಇಷ್ಟು ದೊಡ್ಡದಾಗಿ ಕೂಗಿದರೂ ಕೇಳದಂಥ ಇಯರ್‌ಫೋನ್ ಕಂಡುಹಿಡಿದವನನ್ನು ಬೈಯುತ್ತ ಕುಸಿದು ಕೂತೆ. ಆಗ ಪಂಚ ವೇದಿಕೆ ಇಳಿದು ನೇರ ನನ್ನತ್ತ ಬಂದು, ಕುರ್ಚಿಯ ಪಕ್ಕದಲ್ಲಿ ಬಗ್ಗಿ ನಿಂತ.

“ಯಾವೂರ್ರಿ ಕಾಕಾ ನಿಮ್ಮದು?” ಎಂದ. ಕನ್ನಡದಲ್ಲಿ.

ಊರು ಹೇಳಿದೆ. ತನ್ನದು ಬಾಗಲಕೋಟೆಯೆಂದ. ಮೂರನೆಯ ಸುತ್ತಿನಿಂದ ನನ್ನ ಮಾತು ಅವನ ಕಿವಿಗೆ ಬೀಳುತ್ತಲೇ ಇತ್ತಂತೆ. ವಯಸ್ಸಾದವರು, ಹೆಂಡತಿಗೆ ಹೇಳುತ್ತಿದ್ದಾರೆ ಎಂದು ಸುಮ್ಮನಿದ್ದನಂತೆ.

“ನಾ ಆಕಿ ಬಾಜೂಕ ನಿಂತಿದ್ದೆ ರೀ. ನೀವು ಒದರಿದ ಮ್ಯಾಲ ಆಕಿ ಹೊಳ್ಳಿದ್ದರ ಟೀಮ್ ಹೊರಗ ಹಾಕಬೇಕಾಗ್ತಿತ್ತು. ಮುಂದಿನ ವರ್ಷಾನೂ ಯಾರನ್ನೂ ಆಡಾಕ ಬಿಡ್ತಿರಲಿಲ್ಲ. ಪುಣ್ಯಾ, ಕೇಳಿಸಿಲ್ಲ.”

ಅವನು ಹೋದ ಮೇಲೆ ಹೆಂಡತಿ ಇಯರ್‌ಫೋನ್ ಕಂಡುಹಿಡಿದವನ ಮಕ್ಕಳುಮರಿಗೆಲ್ಲ ಒಳ್ಳೆಯದಾಗಲೆಂದು ಹರಸಿದಳು. ನಾನೂ ಮನಸ್ಸಿನಲ್ಲೇ ನನ್ನ ಬೈಗುಳವನ್ನು ವಾಪಸು ತೆಗೆದುಕೊಂಡೆ. ಸೋತರು, ನಿಜ. ಆದರೆ ನನ್ನಿಂದಲ್ಲ. ಮರ್ಯಾದೆಯಿಂದ ಸೋತರು. ಈ ಸಮಾಧಾನದಲ್ಲಿ ತಂಡದವರಿಗೆಲ್ಲ ನಾನೇ ಉಂಡಿ ಹಂಚಿದೆ. ಬೆಂಗಳೂರಿನ ಹುಡುಗಿ ಅಳುತ್ತಲೇ ಎರಡು ತಿಂದು, ತುಂಬಾ ಚೆನ್ನಾಗಿದೆ ಆಂಟಿ ಎಂದಳು.

ಸಂಜೆ ಆರಕ್ಕೆ ಮೂವರೂ ರಿಕ್ಷಾ ಹಿಡಿದೆವು. ಮಗಳು ನಡುವೆ. ಯೆರವಡಾ ಹತ್ತಿರ ಬಂದಾಗ ನನಗೆ ಸುಮ್ಮನಿರಲಾಗದೆ, ಪಂಚ ನಮ್ಮ ಕಡೆಯವನೇ ಎಂದು ಶುರು ಮಾಡಿ, ಬಾಗಲಕೋಟೆ, ಒದರಿದ್ದು, ಹೊರಗೆ ಹಾಕುವುದು, ಎಲ್ಲ ಹೇಳಿದೆ. ಪಂಚನಿಗೆ ಕನ್ನಡ ಬರುತ್ತದೆಂದು ಅವಳಿಗೆ ತಿಳಿದದ್ದು ಆಗಲೇ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು ಎಂದು ಮುಗಿಸಿದೆ.

“ಕೇಳಿಸಿತ್ತು” ಎಂದಳು.

ರಿಕ್ಷಾ ಸಿಗ್ನಲ್ಲಿನಲ್ಲಿ ನಿಂತಿತ್ತು. ಅವಳು ಮುಂದೆ ನೋಡುತ್ತಲೇ ಹೇಳಿದಳು.

“ಅವನ ಹೆಜ್ಜಿ ಸಪ್ಪಳ ನಿನಕಿಂತ ಮೊದಲ ಕೇಳಿಸಿತ್ತು ಪಪ್ಪಾ. ಹೊಳ್ಳಬೇಕಂತ ಬೆರಳ ಎತ್ತಿದ್ದೆ. ಅಷ್ಟರಾಗ ನೀ ಒದರಿದಿ. ಆಮ್ಯಾಲ ನಾ ಹೆಂಗ ಹೊಳ್ಳಲಿ?”

ಅವಳು ಹೊಳ್ಳಿದ್ದರೆ ಅದು ಅವಳ ಕಿವಿಯ ಗೆಲುವೋ ಅಪ್ಪನ ಬಾಯಿಯ ಗೆಲುವೋ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಅದಕ್ಕೇ ಅವಳು ಬೆರಳನ್ನು ಹಾಗೆಯೇ ಹಿಡಿದು, ಬೆನ್ನ ಹಿಂದಿನ ಹೆಜ್ಜೆಗಳನ್ನು ಎಣಿಸುತ್ತ, ಗುಂಡು ಬೀಳುವವರೆಗೆ ಕೂತಿದ್ದಳು. ನಾನು ಇಷ್ಟು ವರ್ಷ ನೋಡಿದ ಆಟಗಳಲ್ಲಿ ಯಾರನ್ನೂ ಗೆಲ್ಲಿಸಿದವನಲ್ಲ. ಸೋಲಿಸಿದ್ದು ಒಬ್ಬಳನ್ನೇ, ನನ್ನ ಮಗಳನ್ನು. ಮಗಳಿಗೆ ಎಂದೂ ಹೇಳದ ಮಾತು ಬಾಯಿಗೆ ಬಂತು.

“ತಪ್ಪಾತವಾ” ಎಂದೆ.

“ಹೌದು, ತಪ್ಪಾತು” ಎಂದಳು. ಇರಲಿ ಬಿಡು ಎನ್ನಲಿಲ್ಲ.

ಹೊಳೆಯ ಸೇತುವೆ ದಾಟುವಾಗ ಅವಳು ಮೊಬೈಲ್ ತೆಗೆದು ಏನೋ ಓದಿದಳು. ಮುಂದಿನ ರವಿವಾರ ಪಿಂಪ್ರಿಯಲ್ಲಿ ಒಂದು ಸಣ್ಣ ಪಂದ್ಯವಿದೆ, ಬಹುಮಾನ ಏನೂ ಇಲ್ಲ, ಇಬ್ಬರು ಊರು ಬಿಡುವ ಮೊದಲು ಐವರೂ ಸೇರಿ ಆಡುತ್ತೇವೆ ಎಂದಳು. ನಾನು ಬರಲೇ ಎಂದು ಕೇಳಿದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವಳು ಮೊಬೈಲನ್ನು ಚೀಲಕ್ಕೆ ಹಾಕಿದಳು.

“ಬಾ. ಖರೇ ನಮ್ಮ ಕಡೆ ಕೂಡಬ್ಯಾಡ. ಅವರ ಕಡೆ ಹೋಗಿ ಕೂಡು. ಅಲ್ಲಿ ಕುಂತು ಅವರಿಗೆ ಎಷ್ಟ ಬೇಕಾದಷ್ಟ ಒದರಿ ಹೇಳು.”

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗಳ ಭುಜವೂ ನನ್ನ ಭುಜಕ್ಕೆ ತಾಗಿ ಅಲುಗಿತು. ಕನ್ನಡಿಯಲ್ಲಿ ನೋಡಿದೆ, ರಿಕ್ಷಾದವನೂ ನಗುತ್ತಿದ್ದ. ಯಾವೂರು ಎಂದು ಅವನನ್ನು ಕೇಳುವ ಧೈರ್ಯ ನನಗಾಗಲಿಲ್ಲ.